ಆಳು, ಆಳ

ಶಹಾಬಾದಿನ ನಮ್ಮ ಸಾಲಿಯಲ್ಲಿ ನೆಲವೆಲ್ಲ ಫರಸಿ.
ಊರ ಒಡಲಿಂದ ಎಬ್ಬಿಸಿ ತಂದ ಕಲ್ಲಿನ ಮೇಲೆ
ಊರ ಮಕ್ಕಳು ಕೂತು ಹಳಗನ್ನಡ ಓದುತ್ತಾರೆ,
ಗುರುವಾರ, ಕಡೆಯ ತಾಸು,
ಹೊಟ್ಟೆಯೂ ಫ್ಯಾನೂ ಒಂದೇ ಸದ್ದು ಮಾಡುವ ಹೊತ್ತು.

ಆ ತಾಸು ತೆಗೆಯಬೇಕೆಂದು ಮೀಟಿಂಗ್ ಕರೆದರು.
ಹೆಡ್‌ಮಾಸ್ತರರ ಕೋಣೆ, ಸುಸಲಾ, ಚಹಾ,
ಕಾಲು ಮುರಿದ ಕುರ್ಚಿಗೆ ಇಟ್ಟಂಗಿಯ ಊರುಗಾಲು.
ಮಲ್ಕಣ್ಣ ನೆಟ್ಟಗೆ ಕೇಳಿದ:
"ಟೀಚರ್‌ರೀ, ಸತ್ತ ಮಾತು ಕಲ್ತು ಏನ್ ಫಾಯ್ದಾ ಅದ?
ಆ ಪಿರೇಡಿನಾಗ ಕಂಪ್ಯೂಟರರೆ ಕಲೀಲಿ."
ಕೆಟ್ಟ ಮನುಷ್ಯನಲ್ಲ.
ಸಾಲಿಯ ನಲ್ಲಿಗೆ ಕೈಯಿಂದ ದುಡ್ಡು ಹಾಕಿ ಪೈಪು ಎಳೆಸಿದವ.

ನಾನು ಹೇಳಬಹುದಿತ್ತು:
ಮಲ್ಕಣ್ಣ, ಫಾಯ್ದಾ ಎಂಬುದು ಅರಬ್ಬರ ಮಾತು,
ಪಾರಸಿಯ ಬೆನ್ನೇರಿ, ಸುಲ್ತಾನರ ದಫ್ತರ ದಾಟಿ,
ಸಂತೆಯಲ್ಲಿ ತೊಗರಿಯ ಜತೆ ತೂಗಿಸಿಕೊಂಡು
ನಿನ್ನ ನಾಲಿಗೆ ಮೇಲೆ ಬಂದು ಕೂತಿದೆ.
ಇಷ್ಟು ದೂರ ನಡೆದದ್ದು ಸಾಯುವುದು ಹೇಗೆ?
ಹೇಳಲಿಲ್ಲ. ಚಹಾ ಆರುತ್ತಿತ್ತು.
ಜಾಣ ಉತ್ತರ ಕೇಳಿ ಒಪ್ಪಿಕೊಂಡವರನ್ನು
ಹತ್ತೊಂಬತ್ತು ವರ್ಷದ ನೌಕರಿಯಲ್ಲಿ ನಾನಂತೂ ಕಂಡಿಲ್ಲ.
"ಬರೋ ಗುರುವಾರ ನೀವೇ ಬಂದು ಕೂಡ್ರಿ" ಅಂದೆ.

ಬಂದ. ಕೂಡಲಿಲ್ಲ. ಕಿಟಕಿಯ ಕಟ್ಟೆಗೆ ಒರಗಿ ನಿಂತ.

ಬೋರ್ಡಿನ ಮೇಲೆ ದೊಡ್ಡದಾಗಿ ಬರೆದೆ: ೞ
ಮಕ್ಕಳು ನಕ್ಕರು. ವರ್ಷಾ ನಗುತ್ತಾರೆ.
ಒಬ್ಬನಿಗೆ ಅದು ಜಿಲೇಬಿ, ಇನ್ನೊಬ್ಬನಿಗೆ ಮುದುಡಿ ಮಲಗಿದ ನಾಯಿ.
ನಾಲಿಗೆ ಹಿಂದಕ್ಕೆ ಮಡಚಿ,
ಅಂಗುಳಕ್ಕೆ ಹಚ್ಚಬೇಡಿ, ಉಸಿರು ಬಿಡಿ ಎಂದೆ.
ಮೂವತ್ತೆಂಟು ಬಾಯಿಗಳಿಂದ
ಪಂಚರ್ ಆದ ಟೈರಿನ ಸದ್ದು.

"ಇದು ಎಲ್ಲಿ ಹೋತ್ರಿ ಟೀಚರ್?
ಸಾಲಿ ಬಿಡ್ತೇನ್ರಿ?" ಅಂದ ಖಾಜಾಪಾಶಾ.
ಬಿಟ್ಟು ಭಾಳ ವರ್ಷ ಆತಪ್ಪ.
ಅದರ ಕೆಲಸಾನೂ ಈಗ ಳ ಮಾಡ್ಲಕತ್ತದ,
ಡಬಲ್ ಡ್ಯೂಟಿ.

ಆಗ ಎದ್ದಳು ಜಗದೇವಿ.
ಅವಳು ಎದ್ದು ನಿಂತದ್ದೇ ಅಪರೂಪ.
"ನಮ್ಮಪ್ಪ ಖಣಿಯಾಗ ಆಳು ಅದಾನ್ರಿ.
ದಿನಾ ಆಳಕ್ಕ ಇಳೀತಾನ.
ಇವೆರಡೂ ಒಂದೇ ಏನ್ರಿ?"

ಕೈಯಲ್ಲಿ ಸುಣ್ಣಕಡ್ಡಿ ಹಾಗೇ ನಿಂತಿತು.
ಕಲಬುರಗಿಯಲ್ಲಿ ಎರಡು ವರ್ಷ ಎಂ.ಎ. ಮಾಡಿದೆ,
ಧಾತುಗಳ ಪಟ್ಟಿ ಉರು ಹೊಡೆದೆ,
ಈ ಪ್ರಶ್ನೆ ಅಲ್ಲಿ ಯಾರೂ ಕೇಳಿರಲಿಲ್ಲ.

ಬರೆದೆ: ಆಳ್.
ಅದರ ಕೆಳಗೆ, ಬೋರ್ಡಿನ ತಳದಲ್ಲಿ: ಆೞ್.

ಕೂಲಿ ಮಾಡುವ ಆಳು, ನಾಡು ಆಳುವ ಆಳು,
ಎರಡೂ ಮೇಲಿನದೇ ಮಗಳೆ.
ದುಡಿಯುವವನಿಗೂ ದೊರೆಗೂ
ಹಿರಿಯರು ಬೇರೆ ಅಕ್ಷರ ಇಟ್ಟಿರಲಿಲ್ಲ.
ಆಳಕ್ಕೆ ಮಾತ್ರ ಈ ಇನ್ನೊಂದು.
ಮುಳುಗುವುದಕ್ಕೂ ಇದೇ.

ಅವಳು ಮೇಲೆ ನೋಡಿದಳು, ಕೆಳಗೆ ನೋಡಿದಳು,
ಬೆರಳಿಂದ ಫರಸಿಯ ಮೇಲೆ ಎರಡನ್ನೂ ಬರೆದಳು.
ಧೂಳಿತ್ತು, ಅಕ್ಷರ ಮೂಡಿದವು.
"ಅಂದ್ರ ನಮ್ಮಪ್ಪ ಬ್ಯಾರೆ," ಅಂದಳು ಮೆಲ್ಲಗೆ,
"ತಗ್ಗು ಬ್ಯಾರೆ."

ಯಾರೂ ನಗಲಿಲ್ಲ.
ಮಲ್ಕಣ್ಣ ಹೊರಗೆ ನೋಡುತ್ತಿದ್ದ,
ಮುಚ್ಚಿದ ಬಾಯೊಳಗೆ ಅವನ ನಾಲಿಗೆ ಮಡಚಿಕೊಳ್ಳುವುದು
ಗಲ್ಲದ ಮೇಲೆ ಕಾಣುತ್ತಿತ್ತು.
ಗಂಟೆ ಹೊಡೆಯಿತು. ಬರ್ತೀನ್ರಿ ಅಂದ, ಹೋದ.
ತಾಸು ಉಳಿಯಿತೋ ಇಲ್ಲವೋ ಇನ್ನೂ ಯಾರೂ ಹೇಳಿಲ್ಲ.
ಟೈಂಟೇಬಲ್ಲಿನಲ್ಲಿ ಗುರುವಾರದ ಮನೆ
ಪೆನ್ಸಿಲ್ಲಿನಲ್ಲೇ ಇದೆ.

ಅರ್ಧವಾರ್ಷಿಕದ ಪ್ರಶ್ನೆಪತ್ರಿಕೆ ಅಚ್ಚಾಗಿ ಬಂತು.
ಆ ಅಕ್ಷರ ಇರಬೇಕಾದಲ್ಲಿ
ಕಂಪ್ಯೂಟರು ಒಂದು ಖಾಲಿ ಚೌಕ ಬಿಟ್ಟಿತ್ತು,
ಮೇಲಿಂದ ನೋಡಿದ ಖಣಿಯ ಹಾಗೆ.
ಇನ್ನೂ ಉತ್ತರ ಶುರುಮಾಡುವ ಮೊದಲೇ
ಜಗದೇವಿ ನೀಲಿ ಪೆನ್ನು ತೆಗೆದು,
ಅಂಚಿಗೆ ತಾಗದಂತೆ, ಉಸಿರು ಹಿಡಿದು,
ಅದನ್ನು ಅದರೊಳಗೆ ಇಳಿಸಿದಳು.